ಎಣ್ಣೆಗೂ ಮೊದಲು ಬಟ್ಟೆ

ದೀಪಾವಳಿ ಮುಗಿದು ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದವೆಂದರೆ ಬೆಳಗಾವಿ ಜಿಲ್ಲೆಯ ಶಿರಗುಪ್ಪಿಯ ಸುತ್ತಲಿನ ರಸ್ತೆಗಳ ಬಣ್ಣವೇ ಬೇರೆಯಾಗುತ್ತದೆ. ಉಗಾರದ ಕಡೆಗೆ, ಕಾಗವಾಡದ ಕಡೆಗೆ, ಗಡಿಯಾಚೆ ಶಿರೋಳದ ಕಡೆಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು ಹಗಲು ರಾತ್ರಿ ಓಡಾಡುತ್ತವೆ. ಹೊಲದಿಂದ ಗಾಲಿಗೆ ಮೆತ್ತಿಕೊಂಡು ಬಂದ ಎರೆಮಣ್ಣು ಡಾಂಬರಿನ ಮೇಲೆ ಉದುರುತ್ತದೆ, ಒಣಗುತ್ತದೆ, ಮುಂದಿನ ಗಾಲಿಯಡಿ ಪುಡಿಯಾಗುತ್ತದೆ, ಅದರ ಹಿಂದೆ ಬರುವ ಗಾಡಿಯ ಗಾಳಿಗೆ ಮೇಲೇಳುತ್ತದೆ. ಆ ಧೂಳಿನಲ್ಲೇ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕು ಡೇರಿಗೆ ಹೋಗಬೇಕು, ಮೇವಿನ ಹೊರೆ ಹೇರಿಕೊಂಡ ಬೈಕು ಮನೆಗೆ ಬರಬೇಕು, ರಾತ್ರಿ ಪಾಳಿ ಮುಗಿಸಿದ ಕಾರ್ಮಿಕ ಊರು ಸೇರಬೇಕು. ಸವಾರ ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುತ್ತಾನೆ. ಗಾಡಿಯ ಚೈನಿಗೆ ಆ ಭಾಗ್ಯವಿಲ್ಲ.

ಈ ಸೀಮೆಯಲ್ಲಿ ಚೈನಿನ ಆರೈಕೆ ಎಂದರೆ ಬಹಳ ಮಂದಿಗೆ ಗೊತ್ತಿರುವುದು ಒಂದೇ ಕೆಲಸ, ಸಪ್ಪಳ ಬಂದಾಗ ಎಣ್ಣೆ ಬಿಡುವುದು. ‘ಕಾಕಾ, ಚೈನ್ ಬಾಳ ಸಪ್ಪಳ ಮಾಡಾಕತ್ತೈತಿ, ಒಂದೀಟ ಆಯಿಲ್ ಬಿಡ್ರಿ’ ಎಂದು ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದರೆ, ಅಲ್ಲಿ ಡಬ್ಬಿಯಲ್ಲಿರುವ ಕರೀ ಆಯಿಲ್ ಚೈನಿನ ಮೇಲೆ ಸುರಿಯುತ್ತದೆ. ಸಪ್ಪಳವೇನೋ ನಿಲ್ಲುತ್ತದೆ. ಆದರೆ ಧೂಳು ತುಂಬಿದ ಚೈನಿಗೆ ಎಣ್ಣೆ ಬಿದ್ದಾಗ ತಯಾರಾಗುವುದು ವಾಲ್ವ್ ಕೂರಿಸಲು ಮೆಕ್ಯಾನಿಕ್‌ಗಳು ಬಳಸುವ ಗ್ರೈಂಡಿಂಗ್ ಪೇಸ್ಟಿನಂಥದೇ ವಸ್ತು. ಆ ಪೇಸ್ಟ್ ಉಕ್ಕನ್ನು ಸವೆಸಲೆಂದೇ ಇರುವುದು. ಚೈನಿನ ಒಳಗೂ ಅದು ಅದೇ ಕೆಲಸ ಮಾಡುತ್ತದೆ, ಸದ್ದಿಲ್ಲದೆ ಮಾಡುತ್ತದೆ. ಆದ್ದರಿಂದ ಕಬ್ಬಿನ ಸೀಮೆಯ ಬೈಕಿಗೆ ಮೊದಲು ಬೇಕಾದದ್ದು ಒಂದು ತುಂಡು ಬಟ್ಟೆ ಮತ್ತು ಒಂದು ಹಳೇ ಬ್ರಶ್. ಎಣ್ಣೆಯ ಸರದಿ ಆಮೇಲೆ.

ಇದು ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಚೈನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೊರಗೆ ಕಾಣುವುದು ಎಂಟರ ಆಕಾರದ ಪ್ಲೇಟುಗಳು. ಎರಡು ಹೊರ ಪ್ಲೇಟುಗಳನ್ನು ಒಂದು ಪಿನ್ನು ಹಿಡಿದಿಟ್ಟಿರುತ್ತದೆ. ಆ ಪಿನ್ನು ಒಳ ಪ್ಲೇಟುಗಳಿಗೆ ಬಿಗಿದ ಸಣ್ಣ ಕೊಳವೆಯೊಳಗೆ, ಅಂದರೆ ಬುಶ್ಶಿನೊಳಗೆ ತಿರುಗುತ್ತದೆ. ಬುಶ್ಶಿನ ಮೇಲೆ ಇನ್ನೊಂದು ಸಡಿಲ ಕೊಳವೆ, ಅದು ರೋಲರ್. ಸ್ಪ್ರಾಕೆಟಿನ ಹಲ್ಲಿಗೆ ತಾಗುವುದು ಈ ರೋಲರ್. ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹಾನ್ಸ್ ರೆನಾಲ್ಡ್ ಎಂಬ ಸ್ವಿಸ್ ಮೂಲದ ಎಂಜಿನಿಯರ್ 1880ರಲ್ಲಿ ಈ ರಚನೆಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲಿನ ಚೈನುಗಳಲ್ಲಿ ಪಿನ್ನು ತೆಳ್ಳಗಿನ ಪ್ಲೇಟಿನ ಅಂಚಿಗೆ ಉಜ್ಜುತ್ತಿತ್ತು, ಬೇಗ ತಿಂದು ಹೋಗುತ್ತಿತ್ತು. ಬುಶ್ಶು ಬಂದ ಮೇಲೆ ಭಾರ ಅಗಲವಾಗಿ ಹಂಚಿಕೆಯಾಯಿತು. ಒಂದೂವರೆ ಶತಮಾನ ಸಮೀಪಿಸಿದರೂ ಬೈಕಿನ ಚೈನಿನ ಮೂಲ ರಚನೆ ಬದಲಾಗಿಲ್ಲ.

ಸವೆತ ನಡೆಯುವುದು ಆ ಪಿನ್ನು ಮತ್ತು ಬುಶ್ಶಿನ ನಡುವೆ, ಕಣ್ಣಿಗೆ ಕಾಣದ ಜಾಗದಲ್ಲಿ. ಹಿಂದಿನ ಸ್ಪ್ರಾಕೆಟಿಗೆ 42 ಹಲ್ಲು, ಚೈನಿಗೆ 108 ಲಿಂಕ್, ಹಿಂದೆ 18 ಇಂಚಿನ ಗಾಲಿ ಇರುವ ನೂರು ಸಿಸಿಯ ಒಂದು ಬೈಕನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದು ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಚೈನು ಸುಮಾರು 200 ಸುತ್ತು ಹಾಕುತ್ತದೆ. ಪ್ರತಿ ಸುತ್ತಿಗೆ ಒಂದೊಂದು ಕೀಲೂ ನಾಲ್ಕು ಸಲ ಬಾಗುತ್ತದೆ ಇಲ್ಲವೇ ನೆಟ್ಟಗಾಗುತ್ತದೆ, ಮುಂದಿನ ಸ್ಪ್ರಾಕೆಟ್ ಹತ್ತುವಾಗ ಮತ್ತು ಇಳಿಯುವಾಗ, ಹಿಂದಿನದನ್ನು ಹತ್ತುವಾಗ ಮತ್ತು ಇಳಿಯುವಾಗ. ಅಂದರೆ ಕಿಲೋಮೀಟರಿಗೆ 800 ಸಲ. ದಿನಕ್ಕೆ 40 ಕಿಲೋಮೀಟರ್ ಓಡುವ ಹಾಲಿನ ಗಾಡಿಯಲ್ಲಿ ಒಂದು ಪಿನ್ನು ಒಂದೇ ದಿನ 32 ಸಾವಿರ ಸಲ ತನ್ನ ಬುಶ್ಶಿನೊಳಗೆ ಉಜ್ಜಿರುತ್ತದೆ. ಅಲ್ಲಿ ಎಣ್ಣೆಯ ತೆಳು ಪದರವಿದ್ದರೆ ಒಂದು ಕಥೆ, ಮಣ್ಣಿನ ಕಣವಿದ್ದರೆ ಇನ್ನೊಂದು ಕಥೆ.

ಚೈನ್ ಉದ್ದ ಆಯಿತು ಎಂದು ಎಲ್ಲರೂ ಹೇಳುತ್ತಾರೆ. ಉದ್ದವಾಗುವುದು ನಿಜ, ಆದರೆ ಪ್ಲೇಟು ಎಳೆದು ಉದ್ದವಾಗುವುದಿಲ್ಲ. ಪ್ರತಿ ಕೀಲಿನಲ್ಲೂ ಪಿನ್ನು ಒಂದಿಷ್ಟು ಸವೆದು, ಬುಶ್ಶು ಒಂದಿಷ್ಟು ಸವೆದು, ಆ ಚೂರು ಚೂರು ಸಡಿಲವೆಲ್ಲ ಕೂಡಿಕೊಳ್ಳುತ್ತದೆ. ಸಣ್ಣ ಬೈಕುಗಳಲ್ಲಿ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ 12.7 ಮಿಲಿಮೀಟರ್, ಅಂದರೆ ಸರಿಯಾಗಿ ಅರ್ಧ ಇಂಚು. ಕೀಲಿಗೆ ಕಾಲು ಮಿಲಿಮೀಟರ್ ಸವೆದರೆ ಸಾಕು, ಇಡೀ ಚೈನು ನೂರಕ್ಕೆ ಎರಡರಷ್ಟು ಉದ್ದವಾಗಿ ಅದರ ಆಯುಷ್ಯ ಮುಗಿದಂತೆ. ಕಾಲು ಮಿಲಿಮೀಟರ್ ಎಂದರೆ ಎರಡು ಮೂರು ಹಾಳೆ ಕಾಗದದ ದಪ್ಪ. ಅಷ್ಟು ಸವೆಯಲು ಎರಡು ವರ್ಷ ಬೇಕೋ ಆರು ತಿಂಗಳು ಸಾಕೋ ಎಂಬುದು ಬಹುಪಾಲು ಗಾಡಿಯ ಮಾಲೀಕನ ಕೈಯಲ್ಲಿದೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಸೈಕಲ್ ಚೈನಿನ ಪರೀಕ್ಷೆಗಳು ಇಲ್ಲಿ ನೆನಪಿಸಿಕೊಳ್ಳಬೇಕಾದವು. ಅನುಕೂಲ ಪರಿಸ್ಥಿತಿಯಲ್ಲಿ ಚೈನು ತನಗೆ ಸಿಕ್ಕ ಶಕ್ತಿಯಲ್ಲಿ ನೂರಕ್ಕೆ 98.6ರಷ್ಟನ್ನು ಹಿಂದಿನ ಗಾಲಿಗೆ ಮುಟ್ಟಿಸುತ್ತದೆ ಎಂದು ಅವರು ಕಂಡರು. ಅವರನ್ನೇ ಬೆರಗಾಗಿಸಿದ ಸಂಗತಿ ಇನ್ನೊಂದಿತ್ತು. ಪ್ರಯೋಗಾಲಯದ ಸ್ವಚ್ಛ ವಾತಾವರಣದಲ್ಲಿ ಯಾವ ಎಣ್ಣೆ ಹಾಕಿದರೂ, ಹಾಕದಿದ್ದರೂ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಎಣ್ಣೆ ಯಾತಕ್ಕೆ? ಕೀಲಿನ ಸಂದಿಯನ್ನು ತಾನು ತುಂಬಿಕೊಂಡು, ಕಸ ಒಳಗೆ ಬಾರದಂತೆ ತಡೆಯುವುದೇ ಅದರ ದೊಡ್ಡ ಕೆಲಸವೆಂದು ಸ್ಪೈಸರ್ ವಿವರಿಸಿದರು. ಬೈಕಿನ ಚೈನಿನ ಮೇಲೆ ಬೀಳುವ ಭಾರ, ವೇಗ, ಬಿಸಿ ಎಲ್ಲವೂ ಸೈಕಲ್ಲಿಗಿಂತ ಹೆಚ್ಚು, ತುಕ್ಕಿನ ಭಯವೂ ಇದೆ. ಆದ್ದರಿಂದ ಎಣ್ಣೆ ಬೇಕೇ ಬೇಕು. ಆದರೆ ಕಸ ಒಳಗೆ ಕೂತ ಮೇಲೆ ಬಾಗಿಲು ಹಾಕಿ ಏನು ಪ್ರಯೋಜನ ಎಂಬ ಪ್ರಶ್ನೆ ಶಿರಗುಪ್ಪಿಯ ರಸ್ತೆಗೂ ಅನ್ವಯಿಸುತ್ತದೆ.

ಇಲ್ಲಿಯ ಮಣ್ಣಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಕೃಷ್ಣೆಯ ದಂಡೆಯ ಈ ಕಪ್ಪು ಭೂಮಿ ದಖ್ಖನ್ನಿನ ಕಪ್ಪು ಶಿಲೆ ಸವೆದು ಆದದ್ದು. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದ ಬೈಕಿನ ಮಡ್‌ಗಾರ್ಡಿನೊಳಗೆ ಮಣ್ಣು ಕಿಕ್ಕಿರಿದು ಗಾಲಿಯೇ ನಿಂತುಬಿಡುವುದು ಇಲ್ಲಿ ಎಲ್ಲರೂ ಕಂಡದ್ದೇ. ಅದೇ ಮಣ್ಣು ಚೈನಿನ ರೋಲರುಗಳ ಸುತ್ತ ಮೆತ್ತಿಕೊಂಡು ಒಣಗಿದರೆ ರೋಲರು ತಿರುಗುವುದನ್ನೇ ನಿಲ್ಲಿಸುತ್ತದೆ. ತಿರುಗದ ರೋಲರು ಸ್ಪ್ರಾಕೆಟಿನ ಹಲ್ಲಿನ ಮೇಲೆ ಉರುಳುವ ಬದಲು ಜಾರುತ್ತದೆ, ಹಲ್ಲು ಸವೆಯುತ್ತದೆ. ಮುಂದಿನ ಸಣ್ಣ ಸ್ಪ್ರಾಕೆಟಿನ ಕವರ್ ಬಿಚ್ಚಿ ನೋಡಿದರೆ ಈ ಸೀಮೆಯ ಇಡೀ ಸುಗ್ಗಿ ಅಲ್ಲಿ ಕೂತಿರುತ್ತದೆ. ಹಳೇ ಎಣ್ಣೆಯಲ್ಲಿ ಕಲಸಿ ಗಟ್ಟಿಯಾದ ಕರೀ ಮಣ್ಣು, ಅದರಲ್ಲಿ ಕಬ್ಬಿನ ರವದಿಯ ಎಳೆಗಳು, ಬಟ್ಟೆಯ ದಾರ, ಸಣ್ಣ ಕಲ್ಲು. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಹೆಂಟೆ ಹೆಂಟೆಯಾಗಿ ಬರುತ್ತದೆ. ವರ್ಷಕ್ಕೆ ಎರಡು ಸಲವಾದರೂ, ಅಂದರೆ ಸುಗ್ಗಿ ಮುಗಿದ ಮೇಲೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಈ ಕವರ್ ಬಿಚ್ಚಬೇಕು. ಬಹುತೇಕ ಮನೆಗಳಲ್ಲಿ ಗಾಡಿ ಕೊಂಡಂದಿನಿಂದ ಅದನ್ನು ಬಿಚ್ಚಿರುವುದೇ ಇಲ್ಲ.

ಚೈನಿನ ಜೊತೆ ಬೆಳಗಾವಿ ಜಿಲ್ಲೆಯ ನಂಟು ಹಳೆಯದು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದದ್ದು 1888ರಲ್ಲಿ, ರೆನಾಲ್ಡ್‌ನ ಚೈನಿಗೆ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಮುಂದೆ ಅವರು ನೇಗಿಲು, ಮೇವು ಕತ್ತರಿಸುವ ಯಂತ್ರಗಳತ್ತ ಹೊರಳಿ, 1910ರಲ್ಲಿ ಮಿರಜದಾಚೆ ಕಿರ್ಲೋಸ್ಕರವಾಡಿ ಕಟ್ಟಿದರು. ರಾಜ್ಯದ ಇನ್ನೊಂದು ತುದಿಯಲ್ಲಿ, ಮೈಸೂರಿನಲ್ಲಿ, 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಆ ಗಾಡಿಗಳ ಚೈನನ್ನು ನೋಡಿದ ನೆನಪು ಹೆಚ್ಚು ಮಂದಿಗೆ ಇರಲಾರದು. ಅದು ಲೋಹದ ಕೇಸು ಮತ್ತು ರಬ್ಬರಿನ ಹೊದಿಕೆಯೊಳಗೆ ಪೂರ್ತಿ ಮುಚ್ಚಿಕೊಂಡಿರುತ್ತಿತ್ತು. ಯೆಜ್ಡಿ ಇಟ್ಟುಕೊಂಡವರು ಅದರ ಹೊಗೆಯ ಬಗ್ಗೆ, ಸದ್ದಿನ ಬಗ್ಗೆ ಎಷ್ಟೋ ಮಾತಾಡುತ್ತಾರೆ, ಚೈನಿನ ಬಗ್ಗೆ ಆಡುವುದು ಕಡಿಮೆ.

1985ರಲ್ಲಿ ಬಂದ ಹೀರೋ ಹೊಂಡಾ ಸಿಡಿ 100, 1994ರಲ್ಲಿ ಬಂದ ಸ್ಪ್ಲೆಂಡರ್ ಕೂಡ ಚೈನಿಗೆ ಪೂರ್ತಿ ತಗಡಿನ ಕವಚ ಕೊಟ್ಟವು. ಹಳ್ಳಿಯ ರಸ್ತೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಬರಬರುತ್ತಾ ಪಟ್ಟಣದ ಸೊಗಸಿಗೆ ಚೈನು ಬಯಲಾಯಿತು, ಮೇಲೊಂದು ಅರ್ಧ ಪಟ್ಟಿ ಮಾತ್ರ ಉಳಿಯಿತು. ಕೆಲವರಂತೂ ಹೊಸ ಗಾಡಿಯ ಚೈನ್ ಕವರು, ಸೀರೆ ಗಾರ್ಡು ಎರಡನ್ನೂ ಕಿತ್ತು ಅಟ್ಟಕ್ಕೆ ಹಾಕುತ್ತಾರೆ. ಹಿಂದೆ ಕೂರುವವರ ಬಟ್ಟೆ ಗಾಲಿಗೆ ಸಿಕ್ಕದಂತೆ ಹಿಂಗಾಲಿಯ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಒಂದು ಸೆರಗು, ಒಂದು ದುಪಟ್ಟಾ ಗಾಲಿಗೋ ಚೈನಿಗೋ ಸಿಕ್ಕರೆ ಏನಾಗುತ್ತದೆಂದು ಬಲ್ಲವರು ಅದನ್ನು ಕೀಳಲಾರರು.

ಪೂರ್ತಿ ಕವಚದಿಂದ ಒಂದು ತೊಡಕೂ ಇದೆ. ಕಣ್ಣಿಗೆ ಕಾಣದ್ದು ಮನಸ್ಸಿಗೂ ಬರುವುದಿಲ್ಲ. ಕವಚದ ಮೇಲಿರುವ ಸಣ್ಣ ರಬ್ಬರ್ ಬುಚ್ಚು ತೆಗೆದರೆ ಚೈನು ಕಾಣುತ್ತದೆ, ಸಡಿಲ ಎಷ್ಟಿದೆ ಎಂದು ಬೆರಳಿನಿಂದ ನೋಡಬಹುದು, ಎಣ್ಣೆಯನ್ನೂ ಬಿಡಬಹುದು. ಆದರೆ ಆ ರಂಧ್ರದಿಂದ ತೊಳೆಯಲು ಆಗುವುದಿಲ್ಲ. ಸ್ವಚ್ಛ ಮಾಡಬೇಕಾದಾಗ ನಾಲ್ಕಾರು ಬೋಲ್ಟು ಬಿಚ್ಚಿ ಕವಚ ತೆಗೆಯಲೇಬೇಕು.

ಕೆಲಸಕ್ಕೆ ಇಳಿಯುವ ಮುನ್ನ ಚೈನು ಯಾವ ಜಾತಿಯದು ಎಂದು ಗುರುತಿಸಿಕೊಳ್ಳಬೇಕು. ಒಳ ಪ್ಲೇಟು ಮತ್ತು ಹೊರ ಪ್ಲೇಟಿನ ನಡುವಿನ ಸಂದಿಯಲ್ಲಿ ತೆಳ್ಳನೆಯ ರಬ್ಬರ್ ಬಳೆ ಕಂಡರೆ ಅದು ಓ ರಿಂಗ್ ಚೈನು. ಅದರಲ್ಲಿ ಪಿನ್ನು ಬುಶ್ಶುಗಳ ನಡುವೆ ಕಾರ್ಖಾನೆಯಲ್ಲೇ ಗ್ರೀಸು ತುಂಬಿ, ಆಚೀಚೆ ರಬ್ಬರಿನಿಂದ ಮುಚ್ಚಿರುತ್ತಾರೆ. ಹೊರಗಿನಿಂದ ನಾವು ಹಾಕುವ ಎಣ್ಣೆ ಆ ಕೀಲಿನೊಳಗೆ ಹೋಗುವುದೇ ಇಲ್ಲ. ರೋಲರಿಗೆ, ಸ್ಪ್ರಾಕೆಟಿನ ಹಲ್ಲಿಗೆ, ರಬ್ಬರ್ ಒಣಗದಿರಲು, ತುಕ್ಕು ಹಿಡಿಯದಿರಲು ಅಷ್ಟೇ ಅದು. ಈ ಚೈನಿಗೆ ಪೆಟ್ರೋಲು, ಥಿನ್ನರು, ತಂತಿಯ ಬ್ರಶ್ ಮೂರೂ ವಿಷ. ರಬ್ಬರ್ ಬಳೆ ಹರಿದರೆ ಗ್ರೀಸು ಹೊರಬರುತ್ತದೆ, ಮಣ್ಣು ಒಳಹೋಗುತ್ತದೆ, ಮತ್ತೆ ತುಂಬಲು ಬರುವುದಿಲ್ಲ. ವಾಟರ್ ಸರ್ವಿಸಿನಲ್ಲಿ ಜೋರು ನೀರಿನ ಪೈಪನ್ನು ಹತ್ತಿರದಿಂದ ಚೈನಿಗೆ ಹಿಡಿಯುವುದೂ ಇದೇ ಕಾರಣಕ್ಕೆ ಕೆಟ್ಟದ್ದು. ರಬ್ಬರ್ ಬಳೆ ಇಲ್ಲದ ಸಾದಾ ಚೈನು ನೂರು ಸಿಸಿ ಗಾಡಿಗಳಲ್ಲಿ ಹೆಚ್ಚು. ಇದು ತೊಳೆತವನ್ನು ತಡೆದುಕೊಳ್ಳುತ್ತದೆ, ಆದರೆ ಎಣ್ಣೆಯನ್ನು ಪದೇ ಪದೇ ಕೇಳುತ್ತದೆ.

ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಗೇರು ನ್ಯೂಟ್ರಲ್‌ಗೆ ತಂದು, ಎಂಜಿನ್ ಬಂದ್ ಮಾಡಿ, ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಈ ಕೊನೆಯ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎಂಜಿನ್ ಚಾಲೂ ಇಟ್ಟು, ಫಸ್ಟ್ ಗೇರಿಗೆ ಹಾಕಿ, ತಾನಾಗಿ ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ರೂಢಿ ನಮ್ಮ ಊರುಗಳಲ್ಲಿ ವ್ಯಾಪಕವಾಗಿದೆ. ನೋಡಲು ಸಲೀಸು. ಬಟ್ಟೆಯ ಒಂದು ಎಳೆ ಚೈನಿಗೆ ಸಿಕ್ಕಿತೆಂದರೆ ಬಟ್ಟೆಯ ಹಿಂದೆ ಬೆರಳು ಸ್ಪ್ರಾಕೆಟಿನೊಳಗೆ ಹೋಗುತ್ತದೆ, ಕೈ ಹಿಂದೆಗೆದುಕೊಳ್ಳಬೇಕೆಂದು ಮಿದುಳಿಗೆ ಹೊಳೆಯುವ ಮೊದಲೇ ಹೋಗುತ್ತದೆ. ಹಲ್ಲು ಮತ್ತು ರೋಲರಿನ ನಡುವೆ ಸಿಕ್ಕ ಬೆರಳು ನೀಟಾಗಿ ಕತ್ತರಿಸಿಹೋಗುವುದಿಲ್ಲ, ಜಜ್ಜಿ ಹರಿಯುತ್ತದೆ. ಹಾಗೆ ಹೋದ ಬೆರಳನ್ನು ಮತ್ತೆ ಜೋಡಿಸುವುದು ತೀರಾ ಕಷ್ಟ. ಬೈಕಿನ ಚೈನು ಸ್ವಚ್ಛ ಮಾಡುವಾಗ ಬೆರಳು ಕಳೆದುಕೊಂಡವರು ಭಾರತದ ಕೈ ಶಸ್ತ್ರಚಿಕಿತ್ಸಕರಿಗೆ ಹೊಸಬರಲ್ಲ, ಅವರ ವೈದ್ಯಕೀಯ ಬರಹಗಳಲ್ಲಿ ಈ ಗಾಯಕ್ಕೆ ಪ್ರತ್ಯೇಕ ಜಾಗವೇ ಇದೆ. ಹಿಂಗಾಲಿಯನ್ನು ಎಡಗೈಯಿಂದ ನಿಧಾನವಾಗಿ ತಿರುಗಿಸುತ್ತಾ, ಗಾಲಿ ನಿಂತಾಗಷ್ಟೇ ಬಲಗೈಯಿಂದ ಒರೆಸಿದರೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಐದು ನಿಮಿಷ ಯಾವ ಲೆಕ್ಕ? ಸಣ್ಣ ಮಕ್ಕಳು ಪಕ್ಕದಲ್ಲಿ ಕೂತು ನೋಡುತ್ತಿದ್ದರಂತೂ ಅವರ ಕೈ ಎಲ್ಲಿದೆ ಎಂದು ಮೊದಲು ನೋಡಬೇಕು.

ತೊಳೆಯಲು ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆಯೇ ಉತ್ತಮ. ಓ ರಿಂಗ್ ಚೈನಿಗೂ ಅದು ನಡೆಯುತ್ತದೆ, ನೆನೆಹಾಕಿ ಬಿಡಬಾರದು ಅಷ್ಟೇ. ರೇಷನ್ನಿನ ಸೀಮೆಎಣ್ಣೆ ಈಗ ಮೊದಲಿನಷ್ಟು ಸುಲಭಕ್ಕೆ ಸಿಗುವುದಿಲ್ಲ. ಸಾದಾ ಚೈನಿಗಾದರೆ ಡೀಸೆಲ್ ಆದೀತು, ಇಲ್ಲವೇ ಅಂಗಡಿಯಲ್ಲಿ ಸಿಗುವ ಚೈನ್ ಕ್ಲೀನರ್ ಡಬ್ಬಿ ತರಬಹುದು. ಒಂದು ಚಹಾ ಕಪ್ಪಿನಷ್ಟು ಸಾಕು. ಮೊದಲು ಒಣ ಬಟ್ಟೆಯಿಂದ ಮೇಲಿನ ಮಣ್ಣನ್ನೆಲ್ಲ ಒರೆಸಿ ತೆಗೆಯಬೇಕು. ಆಮೇಲೆ ಹಲ್ಲುಜ್ಜುವ ಹಳೇ ಬ್ರಶ್ಶನ್ನು ಎಣ್ಣೆಯಲ್ಲಿ ಅದ್ದಿ, ಕೆಳಗಿನ ಸಾಲಿನ ಚೈನನ್ನು ನಾಲ್ಕೂ ಮಗ್ಗುಲಲ್ಲಿ ಉಜ್ಜಬೇಕು. ಒಳಮೈಯನ್ನು ಮರೆಯಬಾರದು, ರೋಲರುಗಳು ಹಲ್ಲಿಗೆ ತಾಗುವುದು ಆ ಕಡೆಯಿಂದಲೇ. ಒಂದು ಗೇಣು ಉಜ್ಜಿ, ಗಾಲಿ ತಿರುಗಿಸಿ, ಮತ್ತೊಂದು ಗೇಣು. ಎಲ್ಲಿಂದ ಶುರುವಾಯಿತೆಂದು ತಿಳಿಯಲು ಚೈನ್ ಲಾಕನ್ನೇ ಗುರುತು ಮಾಡಿಕೊಳ್ಳಬಹುದು. ಕೆಳಗೆ ಹಳೇ ತಟ್ಟೆಯನ್ನೋ ರಟ್ಟನ್ನೋ ಇಟ್ಟಿರಬೇಕು. ಬೀಳುವ ಕರೀ ನೀರು ಅಂಗಳಕ್ಕೆ ಇಳಿದರೆ ಮನೆಯವರ ಮಾತು ಕೇಳಬೇಕಾಗುತ್ತದೆ, ಆ ಮಾತು ನ್ಯಾಯವಾದದ್ದೂ ಹೌದು. ಹಿಂದಿನ ಬ್ರೇಕಿನ ಡ್ರಮ್ಮಿಗೋ ಡಿಸ್ಕಿಗೋ ಟೈರಿಗೋ ಒಂದು ಹನಿಯೂ ಸಿಡಿಯಬಾರದು.

ಒದ್ದೆ ಚೈನಿಗೆ ಎಣ್ಣೆ ಹಾಕುವ ಆತುರ ಬೇಡ. ಬನಿಯನ್ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಎಣ್ಣೆ ಪೂರ್ತಿ ಆರುವವರೆಗೆ ಬಿಡಬೇಕು. ಇಲ್ಲದಿದ್ದರೆ ಹೊಸ ಎಣ್ಣೆ ತೆಳುವಾಗಿ ಸೋರಿಹೋಗುತ್ತದೆ.

ಯಾವ ಎಣ್ಣೆ? ಟ್ರ್ಯಾಕ್ಟರ್ ಇರುವ ಮನೆಗಳಲ್ಲಿ 90 ನಂಬರಿನ ಗೇರ್ ಆಯಿಲಿನ ಡಬ್ಬಿ ಒಂದು ಮೂಲೆಯಲ್ಲಿ ಇರುವುದುಂಟು. ಎಷ್ಟೋ ಬೈಕುಗಳ ಕೈಪಿಡಿ ಹೇಳುವುದೂ 80 ಅಥವಾ 90 ನಂಬರಿನ ಗೇರ್ ಆಯಿಲನ್ನೇ. ದಪ್ಪವಾಗಿರುವುದರಿಂದ ನಿಲ್ಲುತ್ತದೆ, ಸಂದಿಗೂ ಇಳಿಯುತ್ತದೆ. ಸ್ಪ್ರೇ ಡಬ್ಬಿಯ ಚೈನ್ ಲ್ಯೂಬ್ ಇನ್ನೂ ಸಲೀಸು, ಹೊಡೆದ ಮೇಲೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಧೂಳನ್ನು ಕಡಿಮೆ ಹಿಡಿಯುತ್ತದೆ, ಆದರೆ ದುಬಾರಿ. ಬಿಗಿದ ನಟ್ಟು ಬಿಡಿಸಲು ಹೊಡೆಯುವ ತೆಳು ಸ್ಪ್ರೇ ಚೈನಿಗೆ ಎಣ್ಣೆಯಾಗಲಾರದು. ಎಂಜಿನ್ನಿನಿಂದ ಇಳಿಸಿದ ಕರೀ ಆಯಿಲಿನಲ್ಲಿ ಎಂಜಿನ್ನಿನ ಲೋಹದ ಪುಡಿ, ಮಸಿ, ಆಮ್ಲ ಎಲ್ಲ ಇರುತ್ತವೆ. ಎಂಜಿನ್ ಬೇಡವೆಂದದ್ದು ಚೈನಿಗೆ ಹೇಗೆ ಒಳ್ಳೆಯದಾದೀತು? ಗ್ರೀಸನ್ನು ಹೊರಗಿನಿಂದ ಬಳಿದರೆ ಅದು ಕೀಲಿನೊಳಗೆ ಹೋಗುವುದಿಲ್ಲ, ಹೊರಗೇ ಕೂತು ಊರಿನ ಧೂಳನ್ನೆಲ್ಲ ಕೂಡಿಹಾಕುತ್ತದೆ.

ಅಡುಗೆಮನೆಯ ಎಣ್ಣೆಯ ಮೊರೆ ಹೋಗುವವರೂ ಇದ್ದಾರೆ. ಚಕ್ಕಡಿಯ ಅಚ್ಚಿಗೆ ಔಡಲ ಎಣ್ಣೆ ಹಾಕುತ್ತಿದ್ದ ಕಾಲದ ನೆನಪು ಅದು. ಆ ಅಚ್ಚಿಗೆ ಔಡಲ ಎಣ್ಣೆ ಸರಿಯಾಗಿಯೇ ಇತ್ತು. ಆದರೆ ಕುಸುಬಿ ಎಣ್ಣೆಯಂಥವು ಗಾಳಿಗೆ ತೆರೆದುಕೊಂಡರೆ ದಿನಗಳೆದಂತೆ ಗೋಂದಿನ ಹಾಗೆ ಗಟ್ಟಿಯಾಗುತ್ತವೆ. ಅದಕ್ಕೇ ಕುಸುಬಿ ಎಣ್ಣೆಯನ್ನು ಬಣ್ಣ, ವಾರ್ನಿಶ್ ತಯಾರಿಕೆಗೂ ಬಳಸುತ್ತಾರೆ. ಶೇಂಗಾ ಎಣ್ಣೆ ಅಷ್ಟು ಬೇಗ ಗಟ್ಟಿಯಾಗದಿದ್ದರೂ ಜಿಗುಟಾಗುತ್ತದೆ. ಅವನ್ನು ಒಲೆಗೇ ಬಿಡುವುದು ಲೇಸು.

ಎಣ್ಣೆ ಬೀಳಬೇಕಾದ ಜಾಗ ಕೆಳಸಾಲಿನ ಚೈನಿನ ಒಳಮೈ, ಅದೂ ಒಳ ಪ್ಲೇಟು ಹೊರ ಪ್ಲೇಟು ಕೂಡುವ ಸಂದಿ. ಚೈನು ತಿರುಗುವಾಗ ಎಣ್ಣೆ ಒಳಗಿನಿಂದ ಹೊರಕ್ಕೆ ಚಿಮ್ಮುತ್ತದೆ. ಒಳಮೈಗೆ ಹಾಕಿದರೆ ಹೊರಗೆ ಹೋಗುವ ದಾರಿಯಲ್ಲಿ ಕೀಲುಗಳನ್ನು ನೆನೆಸಿಕೊಂಡು ಹೋಗುತ್ತದೆ, ಹೊರಮೈಗೆ ಹಾಕಿದರೆ ನೇರ ಅಂಗಿಗೆ, ಗೋಡೆಗೆ. ಹಳೇ ಔಷಧದ ಸಿರಿಂಜಿನಿಂದ ಸಂದಿ ಸಂದಿಗೆ ಹನಿ ಬಿಟ್ಟರೆ ಒಂದು ಚಮಚೆಯಷ್ಟರಲ್ಲಿ ಇಡೀ ಚೈನು ಮುಗಿಯುತ್ತದೆ. ಸ್ವಲ್ಪ ದೂರ ಓಡಿಸಿ ಬಂದು ಚೈನು ಬೆಚ್ಚಗಿರುವಾಗ ಹಾಕಿದರೆ ಎಣ್ಣೆ ಬೇಗ ಇಳಿಯುತ್ತದೆ. ಸಂಜೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಹೊರಡುವ ಮುನ್ನ ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಹೊರಗೆ ಒಣಗಿದಂತೆ ಕಾಣುವ, ಒಳಗೆ ಎಣ್ಣೆ ಇರುವ ಚೈನೇ ಸರಿಯಾದ ಚೈನು. ಎಣ್ಣೆ ತೊಟ್ಟಿಕ್ಕುವ ಚೈನನ್ನು ಕಂಡು ಖುಷಿಪಡುವ ಕಾರಣವಿಲ್ಲ.

ಕೈಪಿಡಿಗಳು 500ರಿಂದ 1,000 ಕಿಲೋಮೀಟರಿಗೊಮ್ಮೆ ಎನ್ನುತ್ತವೆ. ಸುಗ್ಗಿಯ ಕಾಲಕ್ಕೆ ಈ ಭಾಗದಲ್ಲಿ 500ರ ಲೆಕ್ಕವನ್ನೇ ಹಿಡಿಯಬೇಕು. ಮಳೆಯಲ್ಲಿ ನೆನೆದು ಬಂದ ದಿನ ಲೆಕ್ಕ ನೋಡುವಂತಿಲ್ಲ.

ಇನ್ನು ಸಡಿಲ. ಬಹಳಷ್ಟು ಸಣ್ಣ ಬೈಕುಗಳಿಗೆ ಕೆಳಸಾಲಿನ ನಡುಮಧ್ಯದಲ್ಲಿ ಚೈನನ್ನು ಮೇಲೆ ಕೆಳಗೆ ಆಡಿಸಿದಾಗ 20ರಿಂದ 30 ಮಿಲಿಮೀಟರ್ ಆಡಬೇಕು. ಸರಿಯಾದ ಅಂಕಿ ಆಯಾ ಗಾಡಿಯ ಚೈನ್ ಕವರಿನ ಮೇಲೋ ಕೈಪಿಡಿಯಲ್ಲೋ ಇರುತ್ತದೆ. ಸವೆದ ಚೈನು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಗಾಲಿ ತಿರುಗಿಸಿ, ಎಲ್ಲಿ ಅತಿ ಬಿಗಿಯಾಗಿದೆಯೋ ಅಲ್ಲಿ ಅಳೆಯಬೇಕು. ಹಾಲಿನವರು, ಮೇವು ಹೇರುವವರು ಇಲ್ಲೊಂದು ಮಾತು ಗಮನಿಸಬೇಕು. ಭಾರ ಬಿದ್ದು ಗಾಡಿಯ ಹಿಂಭಾಗ ಕುಸಿದಾಗ ಚೈನು ಇನ್ನೂ ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲೇ ತಂತಿಯ ಹಾಗೆ ಬಿಗಿದಿಟ್ಟರೆ, ನಾಲ್ಕು ಕ್ಯಾನ್ ಕಟ್ಟಿದ ಗಾಡಿ ಗುಂಡಿಗೆ ಇಳಿದಾಗ ಆ ಎಳೆತವೆಲ್ಲ ಚೈನಿಗೆ, ಗೇರ್‌ಬಾಕ್ಸಿನ ಬೇರಿಂಗಿಗೆ, ಹಿಂಗಾಲಿಯ ಬೇರಿಂಗಿಗೆ ಹೋಗುತ್ತದೆ. ಬಿಗಿಯಾದ ಚೈನು ಸಪ್ಪಳ ಮಾಡುವುದಿಲ್ಲವೆಂದು ಹಾಗೆ ಮಾಡುವವರು ಬಹಳ. ಸ್ವಲ್ಪ ಸಡಿಲ ಇರುವುದೇ ಆರೋಗ್ಯ.

ಅಡ್ಜಸ್ಟ್ ಮಾಡಲು ಅಚ್ಚಿನ ನಟ್ಟನ್ನು ಪಾನಾ ಹಾಕಿ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರನ್ನು ಸಮನಾಗಿ ತಿರುಗಿಸಬೇಕು. ಎರಡೂ ಕಡೆ ಗೀಟುಗಳಿರುತ್ತವೆ, ಎಡಕ್ಕೆ ಮೂರನೇ ಗೀಟಾದರೆ ಬಲಕ್ಕೂ ಮೂರನೆಯದೇ. ಒಂದು ಗೀಟು ಆಚೀಚೆಯಾದರೂ ಗಾಲಿ ಸೊಟ್ಟಗಾಗಿ, ಚೈನು ಹಲ್ಲಿನ ಒಂದೇ ಮಗ್ಗುಲನ್ನು ಕೆರೆಯುತ್ತದೆ. ಡ್ರಮ್ ಬ್ರೇಕಿನ ಗಾಡಿಯಲ್ಲಿ ಗಾಲಿ ಹಿಂದೆ ಸರಿದರೆ ಬ್ರೇಕ್ ರಾಡೂ ಎಳೆದುಕೊಳ್ಳುತ್ತದೆ. ಆದ್ದರಿಂದ ಚೈನು ಸರಿಮಾಡಿದ ಮೇಲೆ ಹಿಂದಿನ ಬ್ರೇಕನ್ನೂ ನೋಡಿ ಸರಿಪಡಿಸದೆ ಗಾಡಿ ಹೊರಗೆ ತೆಗೆಯಬಾರದು. ಅಚ್ಚಿನ ನಟ್ಟಿಗೆ ಸ್ಪ್ಲಿಟ್ ಪಿನ್ ಇದ್ದರೆ ಅದನ್ನು ವಾಪಸು ಹಾಕಬೇಕು, ಮೊಳೆಯ ತುಂಡನ್ನಲ್ಲ. ಚೈನ್ ಲಾಕಿನ ಕ್ಲಿಪ್ಪನ್ನು ಬಿಚ್ಚಿದ್ದರೆ, ಅದರ ಮುಚ್ಚಿದ ಮುಖ ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳು ಹಿಂದಕ್ಕೆ. ತಿರುವುಮುರುವಾದರೆ ಏನಾದರೂ ತಗುಲಿ ಕ್ಲಿಪ್ಪು ಹಾರಿಹೋಗುತ್ತದೆ, ಓಡುವ ಗಾಡಿಯಲ್ಲಿ ಚೈನು ಕಳಚಿ ಹಿಂಗಾಲಿಯೇ ಲಾಕ್ ಆಗಬಹುದು.

ಕೃಷ್ಣೆ 2005ರಲ್ಲಿ, 2019ರಲ್ಲಿ, 2021ರಲ್ಲಿ ಉಕ್ಕಿ ಬಂದಾಗ ದಂಡೆಯ ಊರುಗಳು ನೀರಿನಲ್ಲಿ ನಿಂತವು. ಪ್ರವಾಹದಲ್ಲಿ ಮುಳುಗೆದ್ದ ಬೈಕಿನ ಎಂಜಿನ್ನಿನ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ, ಚೈನು ಹಾಗೇ ಉಳಿಯುತ್ತದೆ. ಹೊಳೆಯ ರೇವೆ ತೀರಾ ನುಣುಪು, ಸಾದಾ ಚೈನಿನ ಪ್ರತಿ ಬುಶ್ಶಿನೊಳಗೂ ನುಗ್ಗಿರುತ್ತದೆ. ಅಂಥ ಚೈನನ್ನು ಲಾಕ್ ತೆಗೆದು ಪೂರ್ತಿ ಕಳಚಿ, ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿ, ಕೀಲು ಕೀಲನ್ನೂ ಕೈಯಲ್ಲಿ ಬಾಗಿಸಿ, ಬರುವ ಎಣ್ಣೆ ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಬೇಕು. ಓ ರಿಂಗ್ ಚೈನನ್ನು ಹೀಗೆ ನೆನೆಹಾಕುವಂತಿಲ್ಲ, ಹೊರಗಿನಿಂದ ತೊಳೆದು ಒರೆಸಿ ಎಣ್ಣೆ ಹಚ್ಚಿದರೆ ಸಾಕು.

ಯಂತ್ರದ ಚೈನನ್ನು ಹೇಗೆ ನೋಡಿಕೊಳ್ಳಬೇಕೆಂಬ ವಿದ್ಯೆ ಈ ಸೀಮೆಗೆ ಹೊಸದಲ್ಲ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಅಲ್ಲಿಂದೀಚೆಗೆ ಸುತ್ತಲೂ ಎಷ್ಟೋ ಕಾರ್ಖಾನೆಗಳು ಎದ್ದಿವೆ. ಕಬ್ಬನ್ನು ಗಾಣದವರೆಗೆ ಹೊತ್ತೊಯ್ಯುವ ಕ್ಯಾರಿಯರುಗಳು ಓಡುವುದು ಚೈನಿನ ಮೇಲೆಯೇ, ಒಂದೊಂದು ಲಿಂಕು ಗೇಣುದ್ದ. ಹಂಗಾಮು ಮುಗಿದ ಮೇಲೆ ಮಳೆಗಾಲದಲ್ಲಿ ಓವರ್‌ಹಾಲಿಂಗ್ ನಡೆಯುವಾಗ ಫಿಟ್ಟರುಗಳು ಅವನ್ನು ಇಳಿಸಿ, ತೊಳೆದು, ಅಳೆದು, ಸವೆದ ಪಿನ್ನು ಬದಲಿಸಿ ಮತ್ತೆ ಏರಿಸುತ್ತಾರೆ. ತೊಳೆಯದೆ, ಅಳೆಯದೆ ಎಣ್ಣೆ ಸುರಿದು ಮುಂದಿನ ಹಂಗಾಮಿಗೆ ಬಿಡುವ ಫಿಟ್ಟರ್ ಯಾರೂ ಇಲ್ಲ. ಆ ಶಿಸ್ತು ಕಾರ್ಖಾನೆಯ ಗೇಟಿನಿಂದ ಮನೆಯ ಅಂಗಳಕ್ಕೂ ಬರಬೇಕು.

ಅಳೆಯುವ ಕೆಲಸ ಮನೆಯಲ್ಲೂ ಆಗುತ್ತದೆ. ಅರ್ಧ ಇಂಚಿನ ಚೈನಾದರೆ ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಎಣಿಸಿ ಇಪ್ಪತ್ತನೇ ಪಿನ್ನಿನ ನಡುವಿಗೆ ಟೇಪು ಹಿಡಿಯಬೇಕು, ಮೊದಲ ಪಿನ್ನನ್ನು ಸೊನ್ನೆ ಎಂದು ಎಣಿಸಬೇಕು. ಹೊಸದಾಗಿದ್ದರೆ 25.4 ಸೆಂಟಿಮೀಟರ್. 25.9 ಮುಟ್ಟಿತೆಂದರೆ ಬದಲಿಸುವ ಹೊತ್ತು ಬಂತು. ಟೇಪು ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಬಹುದು. ಹಲ್ಲಿನ ಅರ್ಧದಷ್ಟು ಬಯಲಾದರೆ ಆ ಚೈನಿನ ಕೆಲಸ ಮುಗಿದಿದೆ. ಸ್ಪ್ರಾಕೆಟಿನ ಹಲ್ಲುಗಳು ಕುಡುಗೋಲಿನ ತುದಿಯ ಹಾಗೆ ಒಂದು ಕಡೆಗೆ ವಾಲಿದ್ದರಂತೂ ಅಳೆಯುವ ಅಗತ್ಯವೇ ಇಲ್ಲ.

ಬದಲಿಸುವಾಗ ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಸೆಟ್ಟಾಗಿಯೇ ಹಾಕಿಸಬೇಕು. ದುಡ್ಡು ಉಳಿಸಲು ಚೈನು ಮಾತ್ರ ಬದಲಿಸಿದರೆ ಸವೆದ ಹಲ್ಲು ಹೊಸ ಚೈನನ್ನು ಕೆಲವೇ ತಿಂಗಳಲ್ಲಿ ತಿನ್ನುತ್ತದೆ. ಸಡಿಲಾದ ಚೈನಿನ ಒಂದು ಲಿಂಕ್ ತೆಗೆಸಿ ಓಡಿಸುವುದೂ ಇದೆ. ಸವೆದ ಕೀಲುಗಳು ಅಲ್ಲೇ ಇರುವಾಗ ಉದ್ದವನ್ನಷ್ಟೇ ಮೋಟು ಮಾಡಿದಂತಾಯಿತು, ಹಲ್ಲಿಗೆ ಅದು ಕೂಡುವುದಿಲ್ಲ. ತೊಳೆದುಳಿದ ಕರೀ ಎಣ್ಣೆಯನ್ನು ಚರಂಡಿಗೋ ಕಬ್ಬಿನ ಗದ್ದೆಯ ಬದುವಿಗೋ ಚೆಲ್ಲಬಾರದು, ಡಬ್ಬಿಯಲ್ಲಿ ಕೂಡಿಟ್ಟು ಹಳೇ ಆಯಿಲ್ ಒಯ್ಯುವವರಿಗೆ ಕೊಡಬೇಕು. ಎಣ್ಣೆ ಹೀರಿದ ಬಟ್ಟೆಗಳನ್ನು ಬಚ್ಚಲ ಒಲೆಯ ಹತ್ತಿರ ಬಿಡಬಾರದು. ಹೊಸ ಚೈನು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಕೀಲುಗಳು ಕೂಡಿಕೊಳ್ಳುವಾಗ ತುಸು ಬೇಗನೇ ಸಡಿಲಾಗುತ್ತದೆ. ಹೊಸದಲ್ಲವೇ ಎಂದು ಬಿಡದೆ, 300 ಕಿಲೋಮೀಟರಿನೊಳಗೆ ಒಮ್ಮೆ ಡಬಲ್ ಸ್ಟ್ಯಾಂಡಿಗೆ ಹಾಕಿ ಸಡಿಲ ನೋಡಬೇಕು, ಬೇಕಾದರೆ ಅಡ್ಜಸ್ಟರನ್ನು ಎರಡೂ ಕಡೆ ಸಮನಾಗಿ ತಿರುಗಿಸಬೇಕು.